ಅಣ್ಣ ಎಣಿಸಿದ ಹಕ್ಕಿಗಳು

ನಮ್ಮ ಮನೆತನದಲ್ಲಿ ಡಿಗ್ರಿ ಪಾಸಾದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಲಬುರಗಿಯ ಹಾಸ್ಟೆಲ್ಲಿನಲ್ಲಿದ್ದು ಪ್ರಾಣಿಶಾಸ್ತ್ರ ಓದಿದೆ, ಪರೀಕ್ಷೆ ಬರೆದೆ, ಒಬ್ಬರ ಶಿಫಾರಸೂ ಇಲ್ಲದೆ ಬಸವಕಲ್ಯಾಣದ ಒಂದು ಕಾಲೇಜಿಗೆ ಅಧ್ಯಾಪಕನಾಗಿ ಸೇರಿದೆ. ಮನೆ ಮಾಡಿರುವುದು ಹುಮನಾಬಾದಿನಲ್ಲಿ. ದಿನಾ ಬಸ್ಸು. ಚಳಿಗಾಲದ ರವಿವಾರಗಳಲ್ಲಿ ಈ ಎರಡು ಊರುಗಳ ಸುತ್ತಲಿನ ಕೆರೆ, ಡ್ಯಾಮುಗಳಿಗೆ ಹೋಗಿ ಹಕ್ಕಿ ಎಣಿಸುತ್ತೇನೆ. ಹತ್ತು ಹನ್ನೆರಡು ವರ್ಷದಿಂದ ಹೀಗೇ ನಡೆದಿದೆ.

ಎಣಿಸುತ್ತೇನೆ ಅಂದೆ. ಎಣಿಸುತ್ತಿದ್ದದ್ದು ಹೆಚ್ಚಾಗಿ ನನ್ನ ಅಣ್ಣ.

ಅಣ್ಣ ಹುಮನಾಬಾದಿನ ಹತ್ತಿರದ ಹುಡಗಿ ಎಂಬ ಹಳ್ಳಿಯಲ್ಲಿ ಇರುತ್ತಾನೆ, ನಾವು ಹುಟ್ಟಿದ ಊರು. ನನಗಾಗಿ ಅಣ್ಣ ಶಾಲೆ ಬಿಟ್ಟ ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗೇನೂ ಇಲ್ಲ. ಮೂರನೇ ಇಯತ್ತೆಯಲ್ಲಿ ಮಾಸ್ತರರು ಹೊಡೆದರು, ಅವನು ಮರುದಿನ ಹೋಗಲಿಲ್ಲ, ಯಾರೂ ಯಾಕ ಅಂತ ಕೇಳಲಿಲ್ಲ, ಅಷ್ಟೇ. ದೊಡ್ಡವರ ಜೋಳದ ಹೊಲದಲ್ಲಿ ಹಕ್ಕಿ ಕಾಯಲು ನಿಂತ. ತೆನೆ ಹಾಲುಗಾಳಾದಾಗಿನಿಂದ ಕೊಯ್ಲಿನವರೆಗೆ ಅಟ್ಟದ ಮೇಲೆ ನಿಂತು ಕವಣೆ ಬೀಸುವುದು. ಹಕ್ಕಿ ಅಂದರೆ ಅವನಿಗೆ ಮೊದಲು ವೈರಿ. ವೈರಿಯನ್ನು ನೋಡಿದಷ್ಟು ಸರಿಯಾಗಿ ಯಾರೂ ಏನನ್ನೂ ನೋಡುವುದಿಲ್ಲ. ನಾನು ದುರ್ಬೀನು ಕಣ್ಣಿಗೆ ಹಚ್ಚಿ ಪುಸ್ತಕದ ಪುಟ ತಿರುವುವಷ್ಟರಲ್ಲಿ ಅವನು ಬರೀ ರೆಕ್ಕೆ ಬಡಿಯುವ ರೀತಿ ನೋಡಿ ಹೇಳಿಬಿಡುತ್ತಿದ್ದ. ಹೆಸರು ಮಾತ್ರ ಅವನದೇ. ನಾವು ಪುಸ್ತಕದಲ್ಲಿ ಮೀನುಡೇಗೆ ಅನ್ನುವುದಕ್ಕೆ ಅವನು ‘ಮೀನಾ ಎತ್ತಾಂವ’ ಅನ್ನುತ್ತಾನೆ. ಹಣೆಗೆ ಬಿಳಿ ನಾಮವಿರುವ ನಾಮಗೋಳಿಗೆ ‘ಗೌಡ್ರ ಕೋಳಿ’.

ಎರಡು ವರ್ಷದ ಹಿಂದೆ ಕಬ್ಬಿನ ಟ್ರ್ಯಾಕ್ಟರಿನಿಂದ ಬಿದ್ದು ಅವನ ಎಡ ಮೊಣಕಾಲು ಹೋಯಿತು. ನಡೆಯುತ್ತಾನೆ, ಆದರೆ ಬಗ್ಗಲು ಆಗುವುದಿಲ್ಲ, ಭಾರ ಹೊರಲು ಆಗುವುದಿಲ್ಲ. ಬಗ್ಗದೆ ಮಾಡುವ ಕೂಲಿ ನಮ್ಮ ಕಡೆ ಇಲ್ಲ. ವೈನಿ, ಅಂದರೆ ಅಣ್ಣನ ಹೆಂಡತಿ, ಕೂಲಿಗೆ ಹೋಗುತ್ತಾಳೆ, ಅಣ್ಣ ಮನೆಯಲ್ಲಿ ಕೂತಿರುತ್ತಾನೆ. ಐವತ್ತು ದಾಟಿದ ಗಂಡಸು ಹಗಲು ಹೊತ್ತು ಕಟ್ಟೆಯ ಮೇಲೆ ಕೂತಿದ್ದರೆ ಓಣಿಯ ಜನ ನೋಡುವ ರೀತಿಯೇ ಬೇರೆ.

ಹೀಗಿರುವಾಗ ಹೊರಗಿನ ಊರಿನ ಒಂದು ಸಂಸ್ಥೆಯವರು ಚುಳಕಿನಾಲಾ ಡ್ಯಾಮಿಗೆ ಒಬ್ಬ ಹಕ್ಕಿ ಕಾವಲುಗಾರ ಬೇಕು, ಹುಡುಕಿಕೊಡಿ ಎಂದು ನನಗೆ ಹೇಳಿದರು. ಮೂರು ವರ್ಷದ ಕೆಲಸ. ಬೆಳಿಗ್ಗೆಯಿಂದ ಸಂಜೆಯವರೆಗೆ ಕಟ್ಟೆಯ ಮೇಲೆ ಕೂತು ಹಕ್ಕಿ ನೋಡುವುದು, ಎಣಿಸಿದ್ದನ್ನು ಸಂಜೆ ಫೋನಿನಲ್ಲಿ ಹೇಳುವುದು. ಬರೆಯಲು ಬರದಿದ್ದರೂ ನಡೆದೀತು, ಎಣಿಸಲು ಬರಬೇಕು. ಗುರುತಿನ ಚೀಟಿ, ಖಾಕಿ ಜಾಕೀಟು. ಕೂತು ಮಾಡುವ ಕೆಲಸ. ಸುದ್ದಿ ಹೇಳಿದಾಗ ವೈನಿ ಅಂದಳು, “ಇವರ ಸಲುವಾಗೇ ಯಾರೋ ಕುಂತು ಹುಡುಕ್ಯಾರ ನೋಡು ಈ ಕೆಲಸ.”

ಅರ್ಜಿ ಹಾಕಿದವರಲ್ಲಿ ಕೊನೆಗೆ ಇಬ್ಬರು ಉಳಿದರು. ಒಬ್ಬ ಅಣ್ಣ. ಇನ್ನೊಬ್ಬ ಘಾಟಬೋರಾಳದ ಹುಡುಗ, ನನ್ನದೇ ವಿದ್ಯಾರ್ಥಿ, ಹೋದ ವರ್ಷ ಬಿ.ಎಸ್‌ಸಿ. ಮುಗಿಸಿದವನು. ಮನೆಯಲ್ಲಿ ಹೊಲ ಇದೆ, ಬಾವಿ ಇದೆ. ಒಳ್ಳೆಯವನೇ. ಇಬ್ಬರನ್ನೂ ಒಂದು ದಿನ ಕೆರೆಗಳಿಗೆ ಕರೆದುಕೊಂಡು ಹೋಗಿ, ಎಣಿಸಲು ಹಚ್ಚಿ, ಸರಿ ಬಂದವನನ್ನು ತೆಗೆದುಕೊಳ್ಳುವುದು ಎಂದಾಯಿತು. ನಾನು ಸಂಸ್ಥೆಯ ಮೇಡಂ ಅವರಿಗೆ ಫೋನು ಮಾಡಿ ಹೇಳಿದೆ, “ಒಬ್ಬರು ನನ್ನ ಅಣ್ಣ ಆಗಬೇಕ್ರಿ. ಇನ್ನೊಬ್ಬ ನನ್ನ ವಿದ್ಯಾರ್ಥಿ. ನಾನು ದೂರ ನಿಲ್ತೀನಿ. ನಿಮ್ಮ ಕಣ್ಣಿಗೆ ಕಂಡಂಗ ಮಾಡ್ರಿ.” ಯಾರೂ ಇದನ್ನು ನನ್ನಿಂದ ಕೇಳಿರಲಿಲ್ಲ. ನಾನೇ ಹೇಳಿದೆ.

ಜನವರಿಯ ರವಿವಾರ. ಹುಡಗಿಗೆ ಹೋಗಿ ಅಣ್ಣನನ್ನು ಗಾಡಿಯ ಹಿಂದೆ ಕೂರಿಸಿಕೊಂಡಾಗ ಇನ್ನೂ ಮಂಜು ಇತ್ತು. ಅವನು ಗಡ್ಡ ಮಾಡಿಕೊಂಡಿದ್ದ, ಇಸ್ತ್ರಿ ಅಂಗಿ ಹಾಕಿದ್ದ. ತಲೆಗೆ ಮಫ್ಲರ್ ಸುತ್ತಿದ್ದ. ಬಸವಕಲ್ಯಾಣ ಮುಟ್ಟುವ ಹೊತ್ತಿಗೆ ಕೇಳಿದ, “ಇಂಗ್ಲೀಷಿನ್ಯಾಗ ಕೇಳ್ತಾರೇನು?”

“ಇಲ್ಲ. ಹಕ್ಕಿಗೆ ನೀ ಇಟ್ಟ ಹೆಸರಿನ್ಯಾಗೇ ಹೇಳು. ನಾ ಅವರಿಗೆ ಆ ಹೆಸರಿನ ಪಟ್ಟಿ ಮೊದಲೇ ಕೊಟ್ಟೀನಿ.”

“ಹಂಗಾದ್ರ ಫಿಕರ್ ಇಲ್ಲ.”

ತ್ರಿಪುರಾಂತ ಕೆರೆಯ ದಂಡೆಯಲ್ಲಿ ಜೀಪು ನಿಂತಿತ್ತು. ಮೇಡಂ ಮೈಸೂರು ಕಡೆಯವರು, ಕೂದಲು ಕತ್ತರಿಸಿಕೊಂಡವರು, ಮಾತು ಕಡಿಮೆ. ಅವರ ಜೊತೆ ಬರೆದುಕೊಳ್ಳಲು ಒಬ್ಬ ಹುಡುಗಿ, ಅವಳೂ ಆ ಕಡೆಯವಳೇ. ನನ್ನ ವಿದ್ಯಾರ್ಥಿ ಮೊದಲೇ ಬಂದು ನಿಂತಿದ್ದ. ಕೊರಳಿಗೆ ಹೊಸ ದುರ್ಬೀನು. ನನ್ನನ್ನು ಕಂಡವನೇ, “ನಮಸ್ಕಾರರಿ ಸರ್” ಅಂದ. ಅಣ್ಣನ ಕಡೆ ತಿರುಗಿ, “ಕಾಕಾ, ಇವತ್ತು ನೀವು ಸ್ವಲ್ಪ ಕಣ್ಣು ಮುಚ್ಚಿಕೊಂಡು ನೋಡ್ರಿ. ಇಲ್ಲಾಂದ್ರ ನನ್ನ ಗತಿ ಏನು?” ಅಂದ.

“ನಾ ಮುಚ್ಚಿಕೊಂಡ್ರೂ ನಿನಗ ಕಾಣಬೇಕಲ್ಲೋ,” ಅಂದ ಅಣ್ಣ. “ಆ ಡಬ್ಬಿ ಉಲ್ಟಾ ಹಿಡದಿ ನೋಡು ಮೊದಲ.”

ಹುಡುಗ ಖರೇ ಅಂದುಕೊಂಡು ದುರ್ಬೀನು ತಿರುಗಿಸಿ ನೋಡಿದ. ಎಲ್ಲರೂ ನಕ್ಕರು. ಮೇಡಂ ಕೂಡ.

ಆ ಕೆರೆಯಲ್ಲಿ ಪರೀಕ್ಷೆ ಇರಲಿಲ್ಲ, ಸುಮ್ಮನೆ ನೋಡುವುದಷ್ಟೇ. ಬಿಸಿಲು ಏರಿದಂತೆ ಮಂಜು ನೀರಿನಿಂದ ಎದ್ದಿತು. ನಾಮಗೋಳಿಗಳು ಕರಿ ಹುಳುಗಳಂತೆ ಹರಡಿದ್ದವು. ಬಟ್ಟೆ ಒಗೆಯುವ ಹೆಂಗಸರ ಪಕ್ಕದಲ್ಲೇ ಗುಳುಮುಳುಕಗಳು ಮುಳುಗಿ ಏಳುತ್ತಿದ್ದವು. ಮೇಡಂ ಅಣ್ಣನನ್ನು ಏನೇನೋ ಕೇಳಿದರು. ಹೆಬ್ಬಾತುಗಳು ರಾತ್ರಿ ಎಲ್ಲಿ ಮೇಯುತ್ತವೆ, ಎಷ್ಟು ಹೊತ್ತಿಗೆ ನೀರಿಗೆ ಬರುತ್ತವೆ. ಅಣ್ಣ ಹೇಳಿದ, “ಕಡ್ಲಿ ಹೊಲದಾಗ ಮೇಯ್ತಾವ್ರಿ. ಹೊತ್ತು ಹೊಂಟ ಮ್ಯಾಲ ಬರ್ತಾವ. ಮುಂದ ಒಂದು ಮುದುಕಿ ಇರ್ತದ. ಅದು ಇಳದ್ರನ ಉಳದವು ಇಳೀತಾವ.” ಮೇಡಂ ನನ್ನ ಕಡೆ ನೋಡಿ ಹುಬ್ಬು ಏರಿಸಿದರು. ನನ್ನ ವಿದ್ಯಾರ್ಥಿಯ ಮುಖ ಸಣ್ಣದಾಯಿತು. ಆಗ ಕೆಲಸ ಅಣ್ಣನಿಗೇ ಅಂತ ನಾನು ತಿಳಿದೆ. ಬಹುಶಃ ಎಲ್ಲರೂ ತಿಳಿದರು.

ಜೀಪು ಹತ್ತುವ ಮುಂಚೆ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು ಅಂದರು, “ಸರ್, ನೀವು ಫೋನ್ ಮಾಡಿದ್ದು ನನಗೆ ತುಂಬಾ ಇಷ್ಟ ಆಯ್ತು. ಎಲ್ಲ ಕಡೆ ನಮ್ಮವರನ್ನ ತಗೊಳ್ಳಿ ಅಂತಾರೆ. ದೂರ ನಿಲ್ತೀನಿ ಅಂದವರು ನೀವೊಬ್ಬರೇ.”

ನನಗೆ ಹೆಮ್ಮೆ ಅನ್ನಿಸಿತು. ಚುಳಕಿನಾಲಾ ಮುಟ್ಟುವವರೆಗೂ ಆ ಮಾತನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತಾ ಹೋದೆ.

ಡ್ಯಾಮಿನ ಕಟ್ಟೆ ಉದ್ದಕ್ಕೆ ಇದೆ. ಒಂದು ತುದಿಯಲ್ಲಿ ಅವರು ಸ್ಟ್ಯಾಂಡಿನ ಮೇಲೆ ದೊಡ್ಡ ದುರ್ಬೀನು ನಿಲ್ಲಿಸಿದರು. ಮೇಡಂ ನಿಯಮ ಹೇಳಿದರು. ಒಬ್ಬೊಬ್ಬರಿಗೆ ಅರ್ಧ ಗಂಟೆ. ಹಕ್ಕಿಯ ಹೆಸರು ಹೇಳಿ ಗಟ್ಟಿಯಾಗಿ ಎಣಿಸಬೇಕು. ಒಂದೊಂದು ಅಂಕಿ ಬಾಯಿಂದ ಬಂದಂತೆ ಹುಡುಗಿ ಒಂದೊಂದು ಗೆರೆ ಎಳೆಯುತ್ತಾಳೆ. ದೊಡ್ಡ ಹಿಂಡಿದ್ದರೆ ಹತ್ತು ಹತ್ತರ ಗುಂಪಾಗಿ ಎಣಿಸಿ, ಗುಂಪಿಗೆ ಒಂದು ಗೆರೆ. ಕೊನೆಗೆ ಒಟ್ಟು ಹೇಳುವಂತಿಲ್ಲ, ಏಕೆಂದರೆ ಒಟ್ಟನ್ನು ಜನ ಅಂದಾಜಿನಲ್ಲಿ ಹೇಳಿಬಿಡುತ್ತಾರೆ. ಅದೇ ಹೊತ್ತಿಗೆ ಮೇಡಂ ತಾವೂ ಬೇರೆ ಹಾಳೆಯಲ್ಲಿ ಎಣಿಸುತ್ತಾರೆ. ಆಮೇಲೆ ಎರಡೂ ತಾಳೆ ನೋಡುವುದು.

ನಾನು ಹೇಳಿದ್ದಂತೆ ದೂರ ಹೋದೆ. ಕಟ್ಟೆಯ ಇನ್ನೊಂದು ಬದಿಗೆ ನಡೆದು ಕಲ್ಲಿನ ಮೇಲೆ ಕೂತೆ. ಮೊದಲು ವಿದ್ಯಾರ್ಥಿಯ ಸರದಿ. ಗಾಳಿ ಆ ಕಡೆಯಿಂದ ಬೀಸುತ್ತಿದ್ದರಿಂದ ಅವನ ದನಿ ತುಂಡು ತುಂಡಾಗಿ ಕೇಳುತ್ತಿತ್ತು. ಎರಡು ಸಲ ತಡವರಿಸಿದ. ಆಮೇಲೆ ಅಣ್ಣ.

ಅಣ್ಣನ ದನಿ ಬೇರೆ. ರಾಶಿ ಅಳೆದ ದನಿ ಅದು. ಹಕ್ಕಿ ಕಾಯುವ ವಯಸ್ಸು ದಾಟಿದ ಮೇಲೆ ಅವನು ದೊಡ್ಡವರ ಕಣಗಳಲ್ಲಿ ಜೋಳ, ತೊಗರಿ ಅಳೆಯಲು ಹೋಗುತ್ತಿದ್ದ. ನಮ್ಮ ಕಡೆ ಅಳೆಯುವವನು ಮೊದಲ ಅಳತೆಗೆ ‘ಒಂದು’ ಅನ್ನುವುದಿಲ್ಲ. ‘ಲಾಭ’ ಅನ್ನುತ್ತಾನೆ. ಲಾಭ, ಎರಡು, ಮೂರು, ನಾಲ್ಕು. ರಾಶಿಯ ಮುಂದೆ ಕೂತು ‘ಒಂದು’ ಅಂದರೆ ಒಂದಕ್ಕೇ ನಿಂತೀತು ಅಂತ ಹಿರಿಯರು ಅನ್ನುತ್ತಾರೆ. ಇನ್ನೊಂದು ಮಾತು. ಅಳೆಯಲು ಕೂತವನನ್ನು ನಡುವೆ ಯಾರೂ ಮಾತಾಡಿಸಬಾರದು, ಅವನೂ ಎಣಿಕೆ ಬಿಟ್ಟು ಮಾತಾಡಬಾರದು. ಕಣದಲ್ಲಿ ಆಗ ಬೇರೆ ಸದ್ದಿರುವುದಿಲ್ಲ. ಸಣ್ಣವನಿದ್ದಾಗ ನಾನು ಅವನ ಊಟದ ಗಂಟು ಹೊತ್ತುಕೊಂಡು ಹೋಗಿ ಕಣದ ಅಂಚಿಗೆ ನಿಂತು ಆ ಎಣಿಕೆ ಕೇಳುತ್ತಿದ್ದೆ. ಅದು ನಮ್ಮ ಕಣವಲ್ಲ, ನಮ್ಮ ಜೋಳವೂ ಅಲ್ಲ. ಆದರೂ ಅಣ್ಣ ‘ಲಾಭ’ ಅಂದಾಗ ದೊಡ್ಡವರು ಸಹ ಸುಮ್ಮನೆ ನಿಲ್ಲುತ್ತಿದ್ದರು.

ಕಟ್ಟೆಯ ಮೇಲಿಂದ ಈಗ ಅದೇ ಬಂತು. “ಪಟ್ಟಿ ತಲಿ ಹೆಬ್ಬಾತು. ಲಾಭ. ಎರಡು. ಮೂರು...” ಹದಿನಾರರವರೆಗೆ ಹೋಯಿತು. ಒಂದೇ ಓಟ, ತಡೆಯಿಲ್ಲ. “ಚಮಚದ ಕೊಕ್ಕಿಂದು. ಲಾಭ. ಎರಡು...” ನಾನು ಕಣ್ಣು ಮುಚ್ಚಿ ಕೇಳಿದೆ. “ಮೀನಾ ಎತ್ತಾಂವ. ಲಾಭ.” ನಿಂತಿತು. ಇನ್ನೊಂದು ಹೆಸರು, ಲಾಭ, ಮತ್ತೆ ನಿಂತಿತು. ನನಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಹುಟ್ಟಿದಾಗಿನಿಂದ ಕೇಳಿದ್ದು. ಒಳ್ಳೆಯದಾಗಿ ಎಣಿಸುತ್ತಿದ್ದಾನೆ ಅಂತಷ್ಟೇ ಅಂದುಕೊಂಡೆ.

ಅರ್ಧ ಗಂಟೆಯ ಮೇಲೆ ಮೇಡಂ ಕೈ ಬೀಸಿ ಕರೆದರು. ಅಣ್ಣ ಮತ್ತು ಹುಡುಗ ನೀರಿನ ಕಡೆ ಇಳಿದಿದ್ದರು, ಹುಡುಗ ಎತ್ತಿಕೊಟ್ಟ ನೀರಿನಲ್ಲಿ ಅಣ್ಣ ಮುಖ ತೊಳೆಯುತ್ತಿದ್ದ. ಜೀಪಿನ ಬಾನೆಟ್ಟಿನ ಮೇಲೆ ಮೂರು ಹಾಳೆ ಹರಡಿದ್ದರು. ಮೇಡಂ ಮುಖ ಸಪ್ಪೆಯಾಗಿತ್ತು.

“ಸರ್, ನನಗೆ ಬೇಜಾರಾಗ್ತಿದೆ. ನೀವೇ ನೋಡಿ.”

ನೋಡಿದೆ. ಅಣ್ಣನ ಹಾಳೆಯಲ್ಲಿ ಹೆಬ್ಬಾತಿನ ಮುಂದೆ ಹದಿನೈದು ಗೆರೆ. ಮೇಡಂ ಹಾಳೆಯಲ್ಲಿ ಹದಿನಾರು ಗುಂಪು. ಚಮಚದ ಕೊಕ್ಕಿನ ಮುಂದೆ ಒಂದು ಕಡಿಮೆ. ಕಂದು ಬಾತಿನ ಮುಂದೆ ಒಂದು ಕಡಿಮೆ. ಎಲ್ಲ ಸಾಲಿನಲ್ಲೂ ಒಂದೊಂದು. ಮೀನಾ ಎತ್ತಾಂವ ಅಂತ ಬರೆದಿತ್ತು, ಮುಂದೆ ಖಾಲಿ. ಕರಿ ಕೊಕ್ಕರೆ, ಖಾಲಿ. ಜೌಗಿನ ಸೆಳೆವ, ಖಾಲಿ. ಒಂಟಿಯಾಗಿ ಬರುವ ಏಳು ಹಕ್ಕಿಗಳು, ಏಳೂ ಖಾಲಿ.

“ಎಣಿಕೆ ಕಡಿಮೆ ಆಗೋದು ದೊಡ್ಡದಲ್ಲ ಸರ್,” ಮೇಡಂ ಅಂದರು. “ಇದು ನೋಡಿ. ಏಳು ಹಕ್ಕಿ ಹೆಸರು ಹೇಳಿದಾರೆ, ಒಂದನ್ನೂ ಎಣಿಸಿಲ್ಲ. ಆ ಏಳರಲ್ಲಿ ನನಗೆ ಕಂಡಿದ್ದು ನಾಲ್ಕು. ಅಂದ್ರೆ ಇಲ್ಲಿ ಏನೇನು ಬರುತ್ತೆ ಅಂತ ಅವರಿಗೆ ಗೊತ್ತು, ಕಾಣದೇ ಇದ್ರೂ ಹೆಸರು ಸೇರಿಸ್ತಾರೆ. ಕಾಣದ್ದನ್ನ ಹೇಳೋರು ಈ ಕೆಲಸಕ್ಕೆ ಆಗಲ್ಲ.”

ಹುಡುಗಿ ಮೆಲ್ಲಗೆ ಅಂದಳು, “ಹೆಸರು ಹೇಳಿ ಏನೋ ಒಂದು ಮಾತು ಅಂತಿದ್ರು ಮೇಡಂ. ದೇವರ ಹೆಸರು ತಗೊಂಡ ಹಾಗೆ. ಅಂಕಿ ಬರ್ಲಿಲ್ಲ. ನಾನು ಗೆರೆ ಹಾಕ್ಲಿಲ್ಲ.”

ನನಗೆ ಆ ಕ್ಷಣಕ್ಕೇ ತಿಳಿಯಿತು. ಪೂರ್ತಿ ತಿಳಿಯಿತು. ಮೇಡಂಗೆ ಕಾಣದ ಮೂರು ಹಕ್ಕಿ ಎಲ್ಲಿದ್ದವು ಅಂತಲೂ ನಾನು ಹೇಳಬಲ್ಲವನಿದ್ದೆ. ಆಚೆ ದಡದ ಜಾಲಿಯ ಒಣ ಟೊಂಗೆಗಳಲ್ಲಿ ಅವು ಕೂರುತ್ತವೆ, ಅಣ್ಣ ಹತ್ತು ವರ್ಷದಿಂದ ನನಗೆ ತೋರಿಸಿದ್ದಾನೆ.

ಮೇಡಂ ಕೇಳಿದರು, “ನೀವೇನಾದರೂ ಹೇಳೋದಿದೆಯಾ ಸರ್?”

“ಇಲ್ಲ ಮೇಡಂ,” ಅಂದೆ. “ನೀವು ನೋಡಿದಂತೆ ಮಾಡಿ.”

ಯಾಕೆ ಹಾಗಂದೆ ಅಂತ ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಬೆಳಿಗ್ಗೆ ಅವರು ನನ್ನನ್ನು ಹೊಗಳಿದ್ದರು. ಈಗ ಬಾಯಿ ತೆರೆದರೆ ಅಣ್ಣನ ಪರ ಮಾತಾಡಿದಂತೆ ಆಗುತ್ತಿತ್ತು. ದೂರ ನಿಂತ ಒಬ್ಬನೇ ಮನುಷ್ಯ ಅನ್ನಿಸಿಕೊಂಡವನು ಹತ್ತಿರ ಬಂದಂತೆ ಆಗುತ್ತಿತ್ತು. ಇದು ಒಂದು. ಇನ್ನೊಂದನ್ನು ಬರೆಯಲು ಹಿಂಜರಿಕೆಯಾಗುತ್ತದೆ. ಲಾಭ ಅಂದರೆ ಏನು ಅಂತ ಹೇಳಬೇಕಾದರೆ ಕಣದ ಮಾತು ಹೇಳಬೇಕು. ಯಾರ ಕಣ ಅಂತ ಹೇಳಬೇಕು. ನನ್ನ ವಿದ್ಯಾರ್ಥಿಯ ಮನೆಯವರಂಥವರ ಕಣದಲ್ಲಿ ನಮ್ಮವನು ಕಾಲು ಮಡಿಸಿ ಕೂತು ಅವರ ಜೋಳ ಅಳೆಯುತ್ತಿದ್ದ ಅಂತ ಹೇಳಬೇಕು. ನಾನು ಯಾರಿಗೂ ಅದನ್ನು ಹೇಳಿರಲಿಲ್ಲ. ಮೊದಲ ಪದವೀಧರ ಅಂತ ಎಲ್ಲ ಕಡೆ ಹೇಳಿಕೊಂಡು ಬಂದವನು, ಎಂಥ ಮನೆಯಿಂದ ಬಂದ ಮೊದಲಿಗ ಅಂತ ಹೇಳಿರಲಿಲ್ಲ. ಎರಡೂ ಸೇರಿ ನನ್ನ ಬಾಯಿ ಮುಚ್ಚಿಸಿದವು. ಹೇಳಲು ಹತ್ತು ಸೆಕೆಂಡು ಸಾಕಿತ್ತು.

ಊಟಕ್ಕೆ ಕಟ್ಟೆಯ ಕೆಳಗಿನ ಬೇವಿನ ಮರದ ನೆರಳಿಗೆ ಹೋದೆವು. ವೈನಿ ಎಲ್ಲರಿಗೂ ಆಗುವಷ್ಟು ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಕಟ್ಟಿಕೊಟ್ಟಿದ್ದಳು. ಮೇಡಂ ಸುತ್ತಿ ಬಳಸಿ ಮಾತಾಡುವವರಲ್ಲ. ಊಟ ಮುಗಿದ ಮೇಲೆ ಎಲ್ಲರ ಮುಂದೆಯೇ ಹೇಳಿದರು, ಈ ಸಲ ಹುಡುಗನನ್ನು ತೆಗೆದುಕೊಳ್ಳುತ್ತೇವೆ, ಅವನ ಎಣಿಕೆ ನಮ್ಮದಕ್ಕೆ ಹತ್ತಿರ ಬಂತು. ಅಣ್ಣನ ಬಗ್ಗೆ, “ನಿಮಗೆ ಹಕ್ಕಿ ಚೆನ್ನಾಗಿ ಗೊತ್ತು ಯಜಮಾನ್ರೇ. ಆದ್ರೆ ಕಂಡಿದ್ದನ್ನ ಮಾತ್ರ ಹೇಳ್ಬೇಕು” ಅಂದರು. ಹಾಳೆಯ ಕೆಳಗೆ ಇಬ್ಬರ ಸಹಿ ಬೇಕಿತ್ತು. ಹುಡುಗ ಇಂಗ್ಲೀಷಿನಲ್ಲಿ ಮಾಡಿದ. ಅಣ್ಣ ಕನ್ನಡದಲ್ಲಿ ತನ್ನ ಹೆಸರನ್ನು ನಿಧಾನವಾಗಿ ಬರೆದ. ಆ ಅಕ್ಷರ ನಾನೇ ಕಲಿಸಿದ್ದು. ಹುಡುಗಿ ಮೂರೂ ಹಾಳೆಯ ಫೋಟೋ ತೆಗೆದು ಅಲ್ಲಿಂದಲೇ ಸಂಸ್ಥೆಗೂ ನನಗೂ ಕಳಿಸಿದಳು.

“ಚಲೋ ಆತು ಬಿಡ್ರಿ,” ಅಂದ ಅಣ್ಣ. ಹುಡುಗನಿಗೆ, “ಊಟದ ಡಬ್ಬಿ ಮರೀಬ್ಯಾಡ ನೋಡಪಾ. ಇಲ್ಲಿ ಏನೂ ಸಿಗಂಗಿಲ್ಲ” ಅಂದ.

ದಿನ ಇನ್ನೂ ಮುಗಿದಿರಲಿಲ್ಲ. ಆ ಮಧ್ಯಾಹ್ನ ಹುಮನಾಬಾದ್ ಕಡೆ ಬಂದು ಕಾರಂಜಾದ ಹಿನ್ನೀರು ನೋಡುವುದೆಂದು ಮೊದಲೇ ಗೊತ್ತಾಗಿತ್ತು, ಹಾಗಾಗಿ ನೋಡಿದೆವು. ನೀರು ಬೆಳ್ಳಗೆ ಹೊಳೆಯುತ್ತಿತ್ತು. ಸೂಜಿಬಾಲದ ಬಾತುಗಳು ಬಹಳ ಇದ್ದವು. ನಾನು ಎಣಿಸಿದೆ, ಬರೆದುಕೊಂಡೆ. ಕೈ ತನ್ನ ಪಾಡಿಗೆ ಬರೆಯುತ್ತಿತ್ತು. ಅಣ್ಣ ಜೀಪಿನ ಪಕ್ಕ ಕಾಲು ಚಾಚಿ ಕೂತಿದ್ದ. ಮೇಡಂ ದುರ್ಬೀನಿನಲ್ಲಿ ಒಂದು ಹಕ್ಕಿಯನ್ನು ಹುಡುಕುತ್ತಿದ್ದಾಗ ಅವನು ಕೂತಲ್ಲಿಂದಲೇ, “ಅಲ್ಲಲ್ಲರಿ ಮೇಡಂ, ಎಡಕ್ಕ. ಆ ಮುಳುಗಿದ ಗಿಡ ಅದ ನೋಡ್ರಿ, ಅದರ ಹಿಂದ” ಅಂದ. ಇತ್ತು. ಮೇಡಂ ನೋಡಿದರು, ಅವನ ಕಡೆ ತಿರುಗಿದರು. ಆಗಲೂ ನಾನು ಹೇಳಬಹುದಿತ್ತು.

ಅವರ ಜೀಪು ಬೀದರ್ ಕಡೆ ಹೋಯಿತು. ಅಣ್ಣನನ್ನು ಊರಿಗೆ ಬಿಡಲು ಹೊರಟೆ. ಹುಮನಾಬಾದಿನಲ್ಲಿ ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯಲು ನಿಲ್ಲಿಸಿದೆ. ಇನ್ನೂ ಬೆಳಕಿತ್ತು. ಅಣ್ಣ ಬಸಿಗೆ ಚಹಾ ಸುರಿದು ಊದಿ ಕುಡಿದ. ಕುಡಿದು ಮುಗಿಸಿ ಹೇಳಿದ:

“ತಮ್ಮಾ, ಆ ಹುಡುಗಿ ಲಾಭಕ್ಕ ಗೆರಿ ಹೊಡೀಲಿಲ್ಲ.”

ನಾನು ನನ್ನ ಕಪ್ಪು ಕೆಳಗಿಟ್ಟೆ.

“ನಾ ನೋಡ್ದೆ. ಲಾಭ ಅಂತೀನಿ, ಪೆನ್ನು ಎತ್ತಂಗಿಲ್ಲ. ಎರಡು ಅಂದ ಮ್ಯಾಲ ಹೊಡೀತಾಳ.”

“ಮತ್ತ ಹೇಳಬೇಕಿಲ್ಲೇನು ಅಲ್ಲೇ?”

“ಎಣಸಾಕತ್ತಾಗ ಹ್ಯಾಂಗ ಮಾತಾಡ್ಲಿ? ಮುಗದ ಮ್ಯಾಲ ನೀ ಇದ್ದೆಲ್ಲ. ಹಾಳಿ ನೋಡಾಕ ನಿನ್ನ ಕರದ್ರು. ನಾ ಮುಖ ತೊಳೀತಿದ್ದೆ. ಹಾಂ, ತಮ್ಮ ಹೋದ, ಹೇಳ್ತಾನ ಅನಕೊಂಡೆ.”

ಸಿಟ್ಟು ಇರಲಿಲ್ಲ ಅವನ ದನಿಯಲ್ಲಿ. ಇದ್ದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ.

“ನೀ ಹೇಳಲಿಲ್ಲೇನು?” ಅಂತ ಕೇಳಿದ.

“ಇಲ್ಲ.”

“ಗೊತ್ತಾಗಲಿಲ್ಲೇನು ನಿನಗ?”

“ಗೊತ್ತಾತು.”

ಅವನು ಖಾಲಿ ಬಸಿಯನ್ನು ಕಪ್ಪಿನ ಮೇಲೆ ಮುಚ್ಚಿಟ್ಟ. ನಾನು ಅಲ್ಲೇ ಫೋನು ತೆಗೆದು ಮೇಡಂಗೆ ಹಚ್ಚಿದೆ. ಕಣ, ರಾಶಿ, ಲಾಭ, ಎಲ್ಲ ಹೇಳಿದೆ. ಯಾರ ಕಣ ಅಂತಲೂ ಹೇಳಿದೆ. ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಗಟ್ಟಿಯಾಗಿ ಹೇಳಬೇಕಾಯಿತು. ಚಹಾದವನು ಸಹ ಕೇಳಿಸಿಕೊಂಡ. ಅವನು, “ಹೌದ್ರಿ, ನಮ್ಮಲ್ಲೂ ಹಂಗೇ ಅಂತಾರ” ಅಂದ. ಹೇಳಲು ಏನೂ ಕಷ್ಟವಾಗಲಿಲ್ಲ. ಅದೇ ನನಗೆ ಆಶ್ಚರ್ಯ.

ಮೇಡಂ ಅಂದರು, “ಸರ್, ನಾನು ನಿಮ್ಮನ್ನ ಅಲ್ಲೇ ಕೇಳಿದೆನಲ್ಲ.”

“ಕೇಳಿದ್ರಿ.”

“ಹಾಳೆ ಹೋಗಿದೆ. ಇಬ್ಬರೂ ಸಹಿ ಹಾಕಿದಾರೆ. ಈಗ ಅಭ್ಯರ್ಥಿಯ ತಮ್ಮ ಫೋನ್ ಮಾಡಿದ್ರು, ಬದಲಾಯಿಸಿದೆ ಅಂದ್ರೆ ಆ ಹುಡುಗನಿಗೆ ನಾನೇನು ಹೇಳಲಿ? ಬೇಡ ಸರ್. ನಿಮ್ಮ ಅಣ್ಣ ಸುಳ್ಳು ಹೇಳಿಲ್ಲ ಅಂತ ನನಗೆ ಗೊತ್ತಾಯ್ತು. ಅದನ್ನ ಅವರಿಗೆ ಹೇಳಿ.”

ಹೇಳಿದೆ. ಅಣ್ಣ, “ಅದು ನನಗ ಮೊದಲೇ ಗೊತ್ತದ” ಅಂದ.

ಊರ ಅಗಸಿ ಬಾಗಿಲ ಹತ್ತಿರ ಇಳಿದುಕೊಂಡ. ಯಾವಾಗಲೂ ಮನೆಯವರೆಗೆ ಬಿಡುತ್ತಿದ್ದೆ. ಅವತ್ತು ಅಲ್ಲೇ ನಿಲ್ಲಿಸು ಅಂದ. ಮಫ್ಲರ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಕಾಲು ಎಳೆಯುತ್ತಾ ಓಣಿಯೊಳಗೆ ಹೋದ. ವೈನಿಗೆ ಏನು ಹೇಳಿದನೋ ನನಗೆ ಗೊತ್ತಿಲ್ಲ.

ಮನೆಗೆ ಬಂದು ಆ ದಿನದ ಎಣಿಕೆಯನ್ನು ಕಂಪ್ಯೂಟರಿನಲ್ಲಿ ಹಾಕಿದೆ. ಚುಳಕಿನಾಲಾದ ಅಣ್ಣನ ಹಾಳೆಯ ಪ್ರತಿ ಸಾಲಿಗೆ ಒಂದೊಂದು ಗೆರೆ ಸೇರಿಸಿದೆ. ಮೀನುಡೇಗೆ ಒಂದು, ಕರಿ ಕೊಕ್ಕರೆ ಒಂದು, ಸೆಳೆವ ಒಂದು. ನೋಡಿದವರ ಹೆಸರು ಅನ್ನುವ ಜಾಗದಲ್ಲಿ ಅಷ್ಟು ವರ್ಷ ನನ್ನ ಹೆಸರೇ ಹಾಕುತ್ತಿದ್ದೆ. ಅವತ್ತು ಅಣ್ಣನ ಹೆಸರು ಹಾಕಿದೆ. ಸೇವ್ ಆಯಿತು ಅಂತ ಕಂಪ್ಯೂಟರು ತೋರಿಸಿತು. ಏನೂ ಅನ್ನಿಸಲಿಲ್ಲ. ಊಟ ಮಾಡಿದೆ. ಮರುದಿನದ ಪಾಠ ನೋಡಿಕೊಂಡೆ.

ಸೋಮವಾರ ಹುಡುಗ ಕಾಲೇಜಿಗೆ ಬಂದು ಕಾಲು ಮುಟ್ಟಿದ. ಪೇಢೆ ತಂದಿದ್ದ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹಂಚಿದ. ನಾನೂ ತಿಂದೆ. ಚೆನ್ನಾಗಿತ್ತು. ಅವನು ದನಿ ತಗ್ಗಿಸಿ, “ಸರ್, ಆ ಮೀನುಡೇಗೆ ಎಲ್ಲಿ ಕೂಡ್ತದ ಅಂತ ನನಗ ಖರೇನ ಕಾಣಲಿಲ್ಲರಿ. ಕಾಕಾಗ ಕಂಡಿತ್ತಾ?” ಅಂದ.

“ಕಂಡಿತ್ತು,” ಅಂದೆ.

“ಅವರನ್ನ ಕೇಳಲೇನ್ರಿ? ಬೈತಾರೇನೋ.”

“ಬೈಯಂಗಿಲ್ಲ. ಕೇಳು.”

ಕೇಳಿದನಂತೆ. ಮುಂದಿನ ರವಿವಾರ ಹುಡಗಿಗೆ ಹೋಗಿ, ಅಣ್ಣನನ್ನು ತನ್ನ ಗಾಡಿಯ ಮೇಲೆ ಕೂರಿಸಿಕೊಂಡು ಚುಳಕಿನಾಲಾಕ್ಕೆ ಕರೆದೊಯ್ದ. ಅಣ್ಣ ಆಚೆ ದಡದ ಜಾಲಿಗಳನ್ನು ಒಂದೊಂದಾಗಿ ತೋರಿಸಿದ. ಹಕ್ಕಿಗಳು ಯಾವ ಹೊತ್ತಿಗೆ ಎಲ್ಲಿ ಕೂರುತ್ತವೆ, ಬಿಸಿಲು ಯಾವ ಕಡೆ ಇದ್ದಾಗ ಕಾಣುತ್ತವೆ, ಎಲ್ಲ ಹೇಳಿದ. ಇದೆಲ್ಲ ನನಗೆ ವೈನಿಯಿಂದ ತಿಳಿಯಿತು. ಆಮೇಲಿನ ರವಿವಾರವೂ ಹೋದ. ಅದರ ಮುಂದಿನದೂ. ಜಾಕೀಟು ಹುಡುಗನದು, ಚೀಟಿ ಹುಡುಗನದು. ಅಣ್ಣ ಪಕ್ಕದಲ್ಲಿ ಕೂತು ನೋಡುತ್ತಾನೆ.

ನಾನು ಫೋನು ಮಾಡಿ, “ಈ ವಾರ ಕಾರಂಜಾಕ್ಕ ಹೋಗೂಣೇನು?” ಅಂತ ಕೇಳಿದೆ.

“ಇಲ್ಲೋ ತಮ್ಮಾ, ಆ ಹುಡುಗ ಬರ್ತಾನ,” ಅಂದ. “ನಿನಗೀಗ ಎಲ್ಲಾ ಬರ್ತದಲ್ಲ. ನೀನೇ ಹೋಗು.”

ಒಬ್ಬನೇ ಹೋದೆ. ಬಾತುಗಳು ಇದ್ದವು. ಹತ್ತು ಹತ್ತರ ಗುಂಪಾಗಿ ಎಣಿಸಿದೆ. ಮುಳುಗಿದ ಗಿಡದ ಹಿಂದೆ ಏನಾದರೂ ಇತ್ತೋ ಇಲ್ಲವೋ, ನನಗೆ ಕಾಣಲಿಲ್ಲ.